ಕೆರೆಯಿಂದ ಕಣದವರೆಗೆ

ಜನವರಿಯ ಬೆಳಗ್ಗೆ ಆರೂವರೆಗೆ ತೋಟದ ಕೆರೆಯ ಮೇಲೆ ಹಬೆಯಾಡುತ್ತಿರುತ್ತದೆ. ಬಚ್ಚಲ ಹಂಡೆಯ ನೀರು ಕಾದು ಬಂದಾಗ ಏಳುತ್ತದಲ್ಲ, ಥೇಟ್ ಹಾಗೆ. ದೂರದಿಂದ ನೋಡಿದವರಿಗೆ ಇಳಿದು ಮೀಯೋಣ ಅನ್ನಿಸೀತು. ಮೆಟ್ಟಿಲಿಳಿದು ಕೈ ಅದ್ದಿದರೆ ಗೊತ್ತಾಗುತ್ತದೆ, ಬೆರಳ ತುದಿಗೆ ಹಿಡಿದ ಚಳಿ ಮೊಣಕೈ ಮುಟ್ಟುವಷ್ಟರಲ್ಲಿ ಹಲ್ಲು ಕಟಕಟಿಸುತ್ತದೆ. ಮೂಡಿಗೆರೆಯಿಂದ ಬರುವಾಗ ಬಣಕಲ್ಲಿಗೆ ಸ್ವಲ್ಪ ಈಚೆ, ಹೆದ್ದಾರಿ ಬಿಟ್ಟು ಮಣ್ಣುದಾರಿಯಲ್ಲಿ ಒಳಗೆ ಬಂದರೆ ಸಿಗುವ ಕೆರೆ ಇದು. ಮೂರು ಕಡೆ ರೊಬಸ್ಟಾ ಕಾಫಿ, ಒಂದು ಕಡೆ ಏರಿ. ಏರಿಯುದ್ದಕ್ಕೂ ಸಿಲ್ವರ್ ಓಕ್ ಮರಗಳು, ಅವುಗಳ ಮೈತುಂಬ ಹಬ್ಬಿದ ಮೆಣಸಿನ ಬಳ್ಳಿ. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುವ ಸದ್ದು ಮಳೆ ನಿಂತ ಮೇಲಿನ ಸದ್ದಿನಂತೆಯೇ ಕೇಳುತ್ತದೆ. ಪಂಪ್ ಮನೆಯ ಡೀಸೆಲ್ ವಾಸನೆ, ಕೊಳೆತ ಎಲೆಯ ವಾಸನೆ, ಗಾಳಿ ಎಲ್ಲಿಂದಲೋ ಹೊತ್ತು ತರುವ ಕಾಫಿ ಸಿಪ್ಪೆಯ ಹುಳಿ ವಾಸನೆ. ಸದ್ದು ಮಾಡದೆ ನನ್ನ ಪಕ್ಕ ನಿಲ್ಲಿ. ಆಚೆ ದಡದಲ್ಲಿ ಬಾಗಿದ ಬಿದಿರ ಮೇಲೆ ಮಿಂಚುಳ್ಳಿ ಕೂತಿದೆ. ಅದು ಮೊದಲು ನೀರಿಗೆ ಬೀಳಲಿ, ಆಮೇಲೆ ನಾನು.

ಈ ಕೆರೆಯನ್ನು ಈಜಲೆಂದು ಯಾರೂ ತೋಡಿಸಿದ್ದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಆ ನೀರು ಇದು. ಪೈಪು ಜೋಡಿಸಿ ಹಗಲು ರಾತ್ರಿ ನೀರು ಹಾರಿಸಿದ ಎಂಟು ಹತ್ತು ದಿನಕ್ಕೆ ರೊಬಸ್ಟಾ ಮೊಗ್ಗು ಬಿರಿದು ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಅಷ್ಟು ಹೊತ್ತಿಗೆ ಕೆರೆ ಅರ್ಧ ಇಳಿದು ಕೆಳಗಿನ ಕೆಸರು ಕಾಣತೊಡಗಿರುತ್ತದೆ. ಮಳೆಗಾಲದಲ್ಲೋ, ಏರಿಯ ಮೇಲೆ ಕಾಲಿಟ್ಟರೆ ಇಂಬಳ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಜನವರಿ, ಕೊಯ್ಲಿನ ನಟ್ಟನಡುವೆ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ತಿಂಗಳು.

ಆದರೂ ಚಿಕ್ಕಪ್ಪ ಬಂದು ಮೆಟ್ಟಿಲ ಮೇಲೆ ಕೂತಿದ್ದಾರೆ. ತಲೆಗೆ ಮಂಕಿ ಕ್ಯಾಪ್, ಹೆಗಲಿಗೆ ಕಂಬಳಿ, ಪಕ್ಕದಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬು, ಅದಕ್ಕೆ ಕಟ್ಟಿದ ಉದ್ದನೆಯ ನೈಲಾನ್ ಹಗ್ಗ. ಅವರ ಎಡಗೈ ಮುಷ್ಟಿಯಲ್ಲಿ ಹದಿನೈದು ಕಾಫಿ ಹಣ್ಣು. ನಾನು ಒಂದು ಸಲ ಕೆರೆ ದಾಟಿದರೆ ಒಂದು ಹಣ್ಣನ್ನು ಮೆಟ್ಟಿಲ ಮೇಲಿಡುವುದು ಅವರ ಕೆಲಸ. ಏರಿಯ ಮೇಲೆ ಸಿಲ್ವರ್ ಮರಕ್ಕೆ ಒರಗಿಸಿದ ಸೈಕಲ್ಲು. ಹ್ಯಾಂಡಲ್ಲಿಗೆ ಬೋರಲಾಗಿ ತೂಗುಹಾಕಿದ ಹೆಲ್ಮೆಟ್ಟು. ಕೆಳಗೆ ಗೋಣಿಚೀಲದ ಮೇಲೆ ಬಾಯಿ ಅಗಲಿಸಿಟ್ಟ ಶೂ, ಒಳಗೆ ಮಡಚಿಟ್ಟ ಕಾಲುಚೀಲ, ಪಕ್ಕದಲ್ಲಿ ಟವೆಲು, ಎರಡು ಪುಟ್ಟಬಾಳೆ. ಅತ್ತಿಗೆ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತಂದವರು ಅಲ್ಲೇ ನಿಂತಿದ್ದಾರೆ.

“ಏನ್ ಮಾರಾಯ್ತಿ, ಇನ್ನೂ ಬಿಸಿಲೇ ಬಂದಿಲ್ಲ. ಸ್ವಲ್ಪ ತಡೀಬಾರ್ದಾ?”

ತಡೆಯುವಂತಿಲ್ಲ. ಎಂಟು ಗಂಟೆಗೆ ಹೆದ್ದಾರಿಯಲ್ಲಿ ಲಾರಿ, ಬಸ್ಸು ಶುರುವಾಗುತ್ತವೆ. ಇನ್ನೂ ಬೇಗ ಇಳಿಯುವಂತೆಯೂ ಇಲ್ಲ. ಆನೆ ಎಲ್ಲಿದೆ ಎಂದು ರಾತ್ರಿಯೇ ಮೊಬೈಲಿಗೆ ಬಂದ ಸಂದೇಶ ನೋಡಿಕೊಂಡು, ಬೆಳಕು ಪೂರ್ತಿ ಹರಿದ ಮೇಲೆ ಮನೆಯಿಂದ ಹೊರಬೀಳುವುದು ಈಗ ಮೂಡಿಗೆರೆ ಸೀಮೆಯ ವಾಡಿಕೆ. ತೋಟದ ಕೆಲಸಕ್ಕೆ ಹೋಗುವವರಿಗೂ ಅಷ್ಟೇ, ಓಡುವ ನನಗೂ ಅಷ್ಟೇ.

ಬಿದಿರ ಮೇಲಿಂದ ನೀಲಿ ಗೆರೆಯೊಂದು ನೀರಿಗಿಳಿದು ಮೇಲೆದ್ದಿತು. ನಾನು ಮುಖಕ್ಕೆ, ಎದೆಗೆ, ಕತ್ತಿನ ಹಿಂದಕ್ಕೆ ಮೂರು ಸಲ ನೀರು ಎರಚಿಕೊಂಡೆ. ತಣ್ಣೀರಿಗೆ ಏಕಾಏಕಿ ಬಿದ್ದರೆ ಮೈ ತಾನಾಗಿಯೇ ಗಕ್ಕನೆ ಉಸಿರು ಒಳಗೆಳೆಯುತ್ತದೆ, ಆ ಗಳಿಗೆಯಲ್ಲಿ ಬಾಯಿ ನೀರೊಳಗಿದ್ದರೆ ಕಥೆ ಮುಗಿಯಿತು. ಮೊದಲೇ ಮೈಗೆ ತಿಳಿಸಿ ಇಳಿಯಬೇಕು. ಸೊಂಟಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ಬುರುಡೆ ಹಿಂದೆ ತೇಲುತ್ತಾ ಬಂತು.

ಚಿಕ್ಕಂದಿನಲ್ಲಿ ಇದೇ ಕೆರೆಯಲ್ಲಿ ಕಪ್ಪೆಯೀಜು ಕಲಿತಿದ್ದೆ, ಇದೇ ಚಿಕ್ಕಪ್ಪನ ಕೈಯಲ್ಲಿ. ತಲೆ ಮೇಲೆತ್ತಿ ದಡ ನೋಡುತ್ತಾ ಈಜುವ ಆ ಬಗೆಯಲ್ಲಿ ಎಷ್ಟು ಹೊತ್ತಾದರೂ ತೇಲಬಹುದು, ದೂರ ಮಾತ್ರ ಸಾಗದು. ನಲವತ್ತಾರನೇ ವಯಸ್ಸಿನಲ್ಲಿ ಮುಖ ನೀರೊಳಗಿಟ್ಟು, ಮೂರು ಸಲ ಕೈ ಬೀಸಿ ಒಂದು ಸಲ ಪಕ್ಕಕ್ಕೆ ಹೊರಳಿ ಉಸಿರೆಳೆಯುವುದನ್ನು ಕಲಿಯಲು ನಾಲ್ಕು ತಿಂಗಳು ಬೇಕಾಯಿತು. ಕೈ, ಕಾಲು ಬೇಗ ಕಲಿತವು. ಉಸಿರು ಕಲಿಯಲಿಲ್ಲ. ಒಳಗೆಳೆಯುವುದಲ್ಲ ಕಷ್ಟ, ನೀರೊಳಗೆ ಪೂರ್ತಿ ಬಿಡುವುದು ಕಷ್ಟ. ಬಿಡದೆ ಉಳಿಸಿಕೊಂಡ ಉಸಿರಿನ ಮೇಲೆ ಇನ್ನೊಂದನ್ನು ಎಳೆದರೆ ಎದೆ ಬಿಗಿಯುತ್ತದೆ, ಗಾಬರಿ ಅಲ್ಲಿಂದಲೇ ಹುಟ್ಟುತ್ತದೆ. ಗುಳುಗುಳು ಎಂದು ಗುಳ್ಳೆ ಬಿಡುತ್ತಾ ಹೋದಂತೆ ಆ ಸದ್ದೇ ಜೊತೆಯಾಯಿತು. ನೀರಿನ ಒಳಗೆ ನೋಡಿದರೆ ಹಸಿರು ಕತ್ತಲು, ಹೊರಳಿದರೆ ಸಿಲ್ವರ್ ಮರದ ತುದಿಗೆ ತಾಗಿದ ಮೊದಲ ಬಿಸಿಲು. ಮತ್ತೆ ಹಸಿರು, ಮತ್ತೆ ಬಿಸಿಲು. ದಡದಿಂದ ದಡಕ್ಕೆ ಟೇಪು ಹಿಡಿದು ಅಳೆದದ್ದು 50 ಮೀಟರು. ಹದಿನೈದು ಸಲ ದಾಟಿದರೆ 750.

ಹಗ್ಗ, ಟ್ಯೂಬು, ದಡದಲ್ಲೊಬ್ಬರು. ಇವು ಮೂರೂ ಇಲ್ಲದೆ ಯಾರೂ ತೋಟದ ಕೆರೆಗೆ ಇಳಿಯಬಾರದು ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಏರಿಯ ಪಕ್ಕವೇ ಕೆಲಸಗಾರರ ಲೈನ್ ಮನೆಗಳಿರುತ್ತವೆ, ಮಕ್ಕಳಿರುತ್ತಾರೆ. ಬೇಲಿಯಿಲ್ಲದ ಈ ನೀರು ಎಷ್ಟು ಮನೆಗಳನ್ನು ಅಳಿಸಿದೆ ಎಂಬುದು ಇಲ್ಲಿ ಬೆಳೆದವರಿಗೆಲ್ಲ ಗೊತ್ತು. ತೋಟದ ಪ್ರತಿ ಮಗುವಿಗೂ ಈಜು ಬರಬೇಕು. ಹೊಳೆಯ ಮಾತಂತೂ ಬೇರೆಯೇ. ಕಳಸದ ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಇಕ್ಕಟ್ಟಿಗೆ ಸಿಕ್ಕಿ ಹೇಗೆ ಸುಳಿ ತಿರುಗುತ್ತಾಳೆ ನೋಡಿದ್ದೀರಲ್ಲ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿ ತಂದಿಟ್ಟರೆಂದು ಪ್ರತೀತಿಯಿರುವ ಬಂಡೆಯನ್ನು ನೋಡಿ ಕೈಮುಗಿದು ಹಿಂದಿರುಗಬೇಕು. ಅದು ಈಜುವ ಜಾಗವಲ್ಲ.

ಹದಿನೈದನೇ ಹಣ್ಣು ಮೆಟ್ಟಿಲ ಮೇಲೆ ಬಿತ್ತು. ಕಾಲಿಗೆ ಕಲ್ಲು ಸಿಕ್ಕಿತು. ನಿಂತೆ, ನಿಂತ ಕೂಡಲೇ ತೋಟವೆಲ್ಲ ಒಂದು ಸುತ್ತು ತಿರುಗಿತು.

ಇಪ್ಪತ್ತನಾಲ್ಕು ನಿಮಿಷ ಮೈ ಅಡ್ಡ ಮಲಗಿತ್ತು. ದುಡಿದದ್ದೆಲ್ಲ ತೋಳು, ಹೆಗಲು. ಈಗ ಒಮ್ಮೆಲೇ ಎದ್ದು ನಿಂತರೆ ರಕ್ತ ಕಾಲಿಗೆ ಇಳಿಯಬೇಕು, ತಲೆಗೂ ಏರಬೇಕು. ಅದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಚಿಕ್ಕಪ್ಪನ ಭುಜ ಹಿಡಿದೆ. ಏರಿಯ ಮೇಲೆ ಗಾಳಿ ಬೀಸಿದ್ದೇ ಬೆರಳು ಸೆಟೆದು ಹೆಲ್ಮೆಟ್ಟಿನ ಕೊಂಡಿ ಕೂಡಲಿಲ್ಲ. ಒದ್ದೆ ಕಾಲಿಗೆ ಕಾಲುಚೀಲ ಏರುವುದಿಲ್ಲ, ಪಾದದ ಅರ್ಧಕ್ಕೆ ಸುರುಳಿ ಸುತ್ತಿ ನಿಲ್ಲುತ್ತದೆ. ಅತ್ತಿಗೆ ಕೂತು ಟವೆಲಿನಿಂದ ಪಾದ ಒರೆಸಿ, ಮಗುವಿಗೆ ತೊಡಿಸುವ ಹಾಗೆ ತೊಡಿಸಿದರು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದೆ. ಬೆಲ್ಲದ ಬಿಸಿ ಗಂಟಲಲ್ಲಿ ಇಳಿಯುವಾಗ ನಡುಕ ಒಂದು ಹಂತಕ್ಕೆ ಬಂತು. ಪಳಗಿದವರು ಒಂದು ನಿಮಿಷದೊಳಗೆ ಮುಗಿಸುವ ಈ ಕೆಲಸಕ್ಕೆ ನನಗೆ ಆರು ನಿಮಿಷ ಬೇಕಾಯಿತು.

ನೀರಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ನಡುವೆ ಬಿಡುವಿಲ್ಲದೆ ಸಾಗುವ ಈ ಆಟಕ್ಕೆ ಟ್ರಯಥ್ಲಾನ್ ಎಂದು ಹೆಸರು. ಗಡಿಯಾರ ಒಮ್ಮೆ ಶುರುವಾದರೆ ಬಟ್ಟೆ ಬದಲಿಸುವಾಗಲೂ ನಿಲ್ಲುವುದಿಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೊದ ಮಿಷನ್ ಬೇ ಎಂಬಲ್ಲಿ 46 ಮಂದಿ ಸೇರಿ ಈ ಹೆಸರಿನ ಆಟವನ್ನು ಮೊದಲು ಆಡಿದರು. ನಾಲ್ಕು ವರ್ಷಕ್ಕೆ, 1978ರಲ್ಲಿ, ಹವಾಯಿಯಲ್ಲಿ 15 ಮಂದಿ 3.8 ಕಿ.ಮೀ. ಸಮುದ್ರ ಈಜಿ, 180 ಕಿ.ಮೀ. ಸೈಕಲ್ ತುಳಿದು, ಮ್ಯಾರಥಾನಿನ 42.2 ಕಿ.ಮೀ. ಓಡಲು ಹೊರಟರು. ಕೊನೆ ಮುಟ್ಟಿದವರು 12. ಐರನ್‌ಮ್ಯಾನ್ ಎಂಬ ಹೆಸರು ಅಲ್ಲಿಂದ ಬಂದದ್ದು. 2000ದ ಸಿಡ್ನಿಯಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸಿಗೂ ಬಂತು. ಹೊಸಬರಿಗೂ ಎಟಕುವ ಒಂದು ಸಣ್ಣ ಅಳತೆಯಿದೆ. ಅದನ್ನು ಸ್ಪ್ರಿಂಟ್ ಅನ್ನುತ್ತಾರೆ: 750 ಮೀಟರು ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನನ್ನದು ಅದು. ಊರಿಗೆ ಯಾರೋ ಬಂದು ಏರ್ಪಡಿಸಿದ ಸ್ಪರ್ಧೆಯಲ್ಲ. ನನ್ನ ಕೆರೆ, ನನ್ನ ರಸ್ತೆ, ನನ್ನ ತೋಟದ ದಾರಿ.

ಮಣ್ಣುದಾರಿ ಮುಗಿದು ಹೆದ್ದಾರಿ ಸಿಕ್ಕಿತು. ತುಮಕೂರಿನಿಂದ ಬೇಲೂರು, ಮೂಡಿಗೆರೆ, ಚಾರ್ಮಾಡಿಯ ಮೇಲೆ ಮಂಗಳೂರಿಗೆ ಇಳಿಯುವ 73ನೇ ನಂಬರಿನ ರಸ್ತೆ. ಒದ್ದೆ ಬಟ್ಟೆಗೆ ಗಾಳಿ ತಾಗಿ ಮೊದಲ ಹತ್ತು ನಿಮಿಷ ಮೈ ಮರಗಟ್ಟಿತ್ತು. ಬಣಕಲ್ಲಿನ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಹೋಟೆಲಿನ ಮುಂದೆ ನೀರು ಚಿಮುಕಿಸಿದ ಮಣ್ಣಿನ ವಾಸನೆ, ಎಣ್ಣೆಗೆ ಬಿದ್ದ ಬನ್ಸಿನ ವಾಸನೆ. ಬಸ್ ನಿಲ್ದಾಣದಲ್ಲಿ ಸ್ವೆಟರ್ ಹಾಕಿದ ಶಾಲೆ ಮಕ್ಕಳು. ಒಂದು ಜೀಪಿನ ಹಿಂದೆ ಕೊಯ್ಲಿಗೆ ಹೊರಟ ಹೆಂಗಸರು, ಮೊಣಕಾಲವರೆಗಿನ ಗಂಡಸರ ಶರ್ಟು ತೊಟ್ಟು, ತಲೆಗೆ ಬಟ್ಟೆ ಬಿಗಿದು ಕೂತಿದ್ದರು. ಅವರಲ್ಲೊಬ್ಬಳು ಕೈಬೀಸಿದಳು. ನಾನು ಹ್ಯಾಂಡಲ್ ಬಿಡುವ ಧೈರ್ಯ ಮಾಡದೆ ತಲೆಯಾಡಿಸಿದೆ.

ಬಣಕಲ್ ದಾಟಿದ ಮೇಲೆ ರಸ್ತೆ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಏರಿನಲ್ಲಿ ಸಣ್ಣ ಗೇರಿಗೆ ಮೊದಲೇ ಇಳಿಸಿಕೊಳ್ಳಬೇಕು, ತೊಡೆ ಬಿಗಿದ ಮೇಲೆ ಇಳಿಸಿದರೆ ಚೈನು ಕಟಕಟ ಎನ್ನುತ್ತದೆ. ಈ ಪಾಠವನ್ನು ನಾನು ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಹತ್ತುವ ತಿರುವುಗಳಲ್ಲಿ ಕಲಿತೆ. 1930 ಮೀಟರು ಎತ್ತರದ, ಇಡೀ ಕರ್ನಾಟಕದಲ್ಲೇ ಎತ್ತರದ ಆ ಬೆಟ್ಟಕ್ಕೆ ಪೂರ್ತಿ ಒಂದು ಸಲವೂ ನಾನು ಇಳಿಯದೆ ತುಳಿದಿಲ್ಲ. ಆದರೆ ಅಲ್ಲಿ ಇಳಿದು ತಳ್ಳಿದ ಬೆಳಗುಗಳೇ ಇಲ್ಲಿನ ಏರನ್ನು ಸಣ್ಣದು ಮಾಡಿದವು.

ಕೊಟ್ಟಿಗೆಹಾರಕ್ಕೆ ಬಂದಾಗ ಮೀಟರು ಹತ್ತಕ್ಕೆ ಹತ್ತಿರ. ಮಂಜು ಇನ್ನೂ ಬಿಟ್ಟಿರಲಿಲ್ಲ. ಹೋಟೆಲುಗಳ ಒಳಗಿಂದ ನೀರುದೋಸೆ ಹುಯ್ಯುವ ಚೊಯ್ ಸದ್ದು, ಆವಿ. ಕಾಫಿ ಕುಡಿಯಲು ನಿಂತ ಪ್ರಯಾಣಿಕರು ಕೈ ಉಜ್ಜಿಕೊಳ್ಳುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಈ ಊರಲ್ಲೇ. ಇಲ್ಲಿ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಚಾರ್ಮಾಡಿ, ಅಲ್ಲಿ ಬಿದ್ದ ಮಳೆ ನೇತ್ರಾವತಿ ಸೇರಿ ಪಡುವಣ ಕಡಲಿಗೆ ಓಡುತ್ತದೆ. ಇನ್ನೊಂದು ಬಾಳೂರು, ಕಳಸ, ಹೊರನಾಡಿನ ದಾರಿ. ಆ ದಿಕ್ಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಕೂಡಿ ಮೂಡಣ ಕಡಲಿಗೆ ಹೋಗುತ್ತಾಳೆ. ಸೈಕಲ್ಲಿನ ಮೇಲೆ ಕೂತವರಿಗೆ ನೀರಿನ ಈ ಲೆಕ್ಕ ಕಾಲಿಗೇ ತಿಳಿಯುತ್ತದೆ, ಎಲ್ಲಿ ಏರು ಮುಗಿಯಿತೋ ಅಲ್ಲಿ ನೀರೂ ದಾರಿ ಬದಲಿಸಿರುತ್ತದೆ. ಮೀಟರು ಹತ್ತು ತೋರಿಸಿದ ಕಡೆ ತಿರುಗಿಸಿಕೊಂಡೆ. ಒಂದು ಬಾಳೆಹಣ್ಣು ತಿಂದೆ, ತುಳಿಯುತ್ತಲೇ.

ವಾಪಸು ಬರುವಾಗ ಬಿಸಿಲು ಬೆನ್ನು ಬಿಟ್ಟು ಮುಖಕ್ಕೆ ಬಿತ್ತು. ಬಟ್ಟೆ ಒಣಗಿತ್ತು. ಅರವತ್ತೆರಡು ನಿಮಿಷಕ್ಕೆ ತೋಟದ ಗೇಟು.

ಗೇಟಿನ ಕಂಬಕ್ಕೆ ಸೈಕಲ್ ಒರಗಿಸಿ, ಹೆಲ್ಮೆಟ್ ತೆಗೆದು, ನೀರು ಕುಡಿದು ಹೊರಟೆ. ಮೂರು ನಿಮಿಷ. ಹೊರಟೆ ಅಂದೆ, ಕಾಲು ಹೊರಡಲಿಲ್ಲ. ತೊಡೆ ಯಾರದೋ, ಪಾದ ಯಾರದೋ. ಒಂದು ಗಂಟೆ ಮೈಭಾರವನ್ನೆಲ್ಲ ಸೀಟು ಹೊತ್ತಿತ್ತು, ಕಾಲಿಗೆ ಗುಂಡಗೆ ತಿರುಗುವುದೊಂದೇ ಕೆಲಸವಿತ್ತು. ಈಗ ಅದೇ ಕಾಲು ಪ್ರತಿ ಹೆಜ್ಜೆಗೂ ಇಡೀ ಮೈಯನ್ನು ಹೊತ್ತು ನೆಲ ಒದೆಯಬೇಕು. ತಲೆ ಓಡು ಅಂದರೂ ಅದು ಇನ್ನೂ ಪೆಡಲ್ ಹುಡುಕುತ್ತಿರುತ್ತದೆ. ಇದನ್ನು ಪಳಗಿಸಲೆಂದೇ ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸವಿದೆ, ಬ್ರಿಕ್ ಎಂದು ಅದರ ಹೆಸರು. ವಾರಕ್ಕೊಂದು ಸಲದಂತೆ ಎರಡು ತಿಂಗಳು ಮಾಡಿದ್ದೆ. ಮಾಡಿದ್ದರಿಂದ ಇಷ್ಟು ಮಾತ್ರ ಗೊತ್ತಿತ್ತು: ಈ ಭಾರ ಹತ್ತು ನಿಮಿಷದ್ದು, ಆಮೇಲೆ ಬಿಡುತ್ತದೆ.

ಹೊಸಬರು ಈಜಿಗೆ ಹೆದರುತ್ತಾರೆ, ದೂರಕ್ಕೆ ಹೆದರುತ್ತಾರೆ. ನನಗೆ ಕಂಡಂತೆ ಕಷ್ಟ ಇರುವುದು ಈ ಎರಡು ಸಂದುಗಳಲ್ಲಿ. ಚಿಕ್ಕಪ್ಪ ಇದನ್ನು ಕಾಫಿಯ ಮಾತಾಗಿ ಎಷ್ಟೋ ಸಲ ಹೇಳಿದ್ದರು, “ಗಿಡದಲ್ಲಿರೋ ಹಣ್ಣಿಗಿಂತ ಮೂಟೇಲಿ ಕೂತ ಹಣ್ಣೇ ಬೇಗ ಕೆಡೋದು.” ಕೊಯ್ದ ಅರೇಬಿಕಾ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಬೇಕು. ರಾತ್ರಿಯೆಲ್ಲ ರಾಶಿಯಲ್ಲಿ ಬಿಟ್ಟರೆ ಒಳಗೊಳಗೇ ಬಿಸಿಯೇರಿ ಹುಳಿಯುತ್ತದೆ, ಆಮೇಲೆ ಎಷ್ಟು ಚೆನ್ನಾಗಿ ಒಣಗಿಸಿದರೂ ಲೋಟದಲ್ಲಿ ಆ ನಾತ ಉಳಿಯುತ್ತದೆ. ಸಿಪ್ಪೆ ಬಿಡಿಸಿದ ಬೀಜದ ಅಂಟು ಹೋಗುವವರೆಗೆ ತೊಟ್ಟಿಯಲ್ಲಿಡಬೇಕು, ಹೋದ ಮೇಲೆ ಒಂದು ಗಳಿಗೆಯೂ ಅಲ್ಲಿರಬಾರದು. ಕೊಯ್ಲು, ಪಲ್ಪಿಂಗು, ಒಣಗಿಸುವುದು ಎಲ್ಲರಿಗೂ ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಹೊತ್ತನ್ನು ನೋಡಿಕೊಳ್ಳುವವನೇ ತೋಟದ ಒಳ್ಳೆಯ ರೈಟರು, ಅಂದರೆ ಗುಮಾಸ್ತ.

ತೋಟದೊಳಗಿನ ದಾರಿ ಕೆಂಪು ಮಣ್ಣಿನದು, ಜೀಪಿನ ಎರಡು ಗಾಲಿಯ ಜಾಡು, ನಡುವೆ ಹುಲ್ಲು. ಎರಡೂ ಕಡೆ ಗಿಡಗಳೊಳಗೆ ಮನುಷ್ಯರು ಕಾಣುವುದಿಲ್ಲ, ಸದ್ದು ಮಾತ್ರ. ಕೊಂಬೆ ಬಾಗಿಸಿದಾಗ ಎಲೆ ಸರಭರ ಎನ್ನುವುದು, ಹಣ್ಣು ಚೀಲಕ್ಕೆ ಬೀಳುವ ತಟತಟ, ಒಂದು ಮೊಬೈಲಿನಿಂದ ಅಸ್ಸಾಮಿ ಹಾಡು, ಇನ್ನೊಂದು ಸಾಲಿನಿಂದ ತುಳುವಿನಲ್ಲಿ ಯಾರನ್ನೋ ಕರೆದದ್ದು. ಈಗ ನಮ್ಮ ಕಡೆಯ ತೋಟಗಳಲ್ಲಿ ಕೊಯ್ಲಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅವರಲ್ಲೊಬ್ಬ ಹುಡುಗ ಗಿಡದ ಮರೆಯಿಂದ ಮುಖ ಹೊರಹಾಕಿ ನನ್ನನ್ನು ನೋಡಿ, ಹಿಂದೆ ಆನೆ ಬರುತ್ತಿದೆಯೇ ಎಂದು ದಾರಿಯ ಆ ತುದಿಗೆ ಕಣ್ಣು ಹಾಯಿಸಿದ. ಏನಿಲ್ಲ ಎಂದು ಕೈಸನ್ನೆ ಮಾಡಿದೆ. ಅವನ ಮುಖ ಸಡಿಲವಾಯಿತು. ತೋಟದಲ್ಲಿ ಯಾರಾದರೂ ಓಡಿದರೆ ಮೊದಲು ಹೊಳೆಯುವ ಕಾರಣ ಅದು, ಆ ಹುಡುಗನಿಗೂ ಎರಡೇ ತಿಂಗಳಲ್ಲಿ ಅಭ್ಯಾಸವಾಗಿದೆ. ನನಗೆ ಆ ಹೊತ್ತು ಓಡುವುದೇ ಬೇಡವೆನಿಸಿತು. ಎಲ್ಲ ಸಾಲಿಗೂ ಕೇಳುವ ಹಾಗೆ “ಏನಿಲ್ಲ, ಏನಿಲ್ಲ” ಎಂದು ಕೂಗುತ್ತಾ ಹೋದೆ.

ತೋಟದ ದಾರಿಯಲ್ಲಿ ಓಡುವವಳು ನಾನೊಬ್ಬಳೇ ಅಲ್ಲ. ಮಲ್ನಾಡ್ ಅಲ್ಟ್ರಾ ಎಂಬ ಓಟ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲೇ ನಡೆಯುತ್ತದೆ. ಅದರಲ್ಲಿ 50 ಕಿ.ಮೀ.ಯನ್ನೂ ಮೀರಿ, ಹಣೆಗೆ ದೀಪ ಕಟ್ಟಿಕೊಂಡು ರಾತ್ರಿಯಲ್ಲೂ ಓಡುವವರಿದ್ದಾರೆ. ಗೋವಾದ ಮೀರಾಮಾರ್ ಕಡಲ ತೀರದಲ್ಲಿ 2019ರಿಂದ ಅರ್ಧ ಐರನ್‌ಮ್ಯಾನ್ ನಡೆಯುತ್ತಿದೆ, 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದಾಗ ನಮ್ಮೂರ ಹುಡುಗರ ಬಾಯಲ್ಲೂ ಟ್ರಯಥ್ಲಾನ್ ಎಂಬ ಮಾತು ಬಂತು. ಒಬ್ಬ ಹುಡುಗ ನನ್ನನ್ನು ಕೇಳಿದ್ದ, ಅಕ್ಕಾ, ನೇರ ಅಲ್ಲಿಗೇ ಹೋಗಬಹುದಾ ಅಂತ. ಮೊದಲು ನಿನ್ನ ಮನೆ ಕೆರೆಯಲ್ಲಿ ಉಸಿರು ಬಿಡುವುದನ್ನು ಕಲಿ ಅಂದೆ. ಈಗಲೂ ಅದೇ ಹೇಳುತ್ತೇನೆ.

ಹತ್ತು ನಿಮಿಷದ ಮಾತು ಸುಳ್ಳಾಗಲಿಲ್ಲ. ಹಲಸಿನ ಮರದ ತಿರುವು ದಾಟುವಾಗ ಕಾಲು ನನ್ನದಾಯಿತು. ಮೇಲಿನ ಬ್ಲಾಕಿನ ಏರಿನಲ್ಲಿ ಓಡಲಾರದೆ ನಡೆದೆ, ಸೊಂಟಕ್ಕೆ ಕೈಕೊಟ್ಟು, ಮಣ್ಣು ನೋಡುತ್ತಾ. ಏರಿನ ತುದಿಗೆ ಬಂದರೆ ಕೆಳಗೆ ಮನೆ, ಮನೆಯ ಮುಂದೆ ಕಣ. ಅಲ್ಲಿಂದ ಇಳಿಜಾರು.

ಕಣದಲ್ಲಿ ನಿನ್ನೆ ತೊಳೆದ ಬೀಜ ಹರವಿದ್ದರು, ತಿಳಿ ಹೊನ್ನಿನ ಬಣ್ಣದ ಒದ್ದೆ ಹಾಸು. ಇಬ್ಬರು ಹೆಂಗಸರು ಮರದ ಕೈಹಲಗೆಯಿಂದ ಸಾಲು ಸಾಲಾಗಿ ಎಳೆಯುತ್ತಿದ್ದರು. ಎಳೆದಾಗಲೆಲ್ಲ ತಂಪು ವಾಸನೆ ಏಳುತ್ತಿತ್ತು. ನಾನು ಕಣದ ಅಂಚಿನ ಕಲ್ಲು ಮುಟ್ಟಿ ನಿಂತೆ. ಹಲಗೆಯವರು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಒಬ್ಬರು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಅಡುಗೆಮನೆಯಿಂದ ಬೆಂದ ಕಡುಬಿನ ಹಬೆ, ಕೋಳಿ ಸಾರಿನ ಘಮ.

ರೈಟರು ತೂಕದ ಕಟ್ಟೆಯ ಮೇಲೆ ಚೆಕ್‌ರೋಲ್ ಬಿಡಿಸಿ ಕೂತಿದ್ದರು. ಯಾರು ಯಾವ ಬ್ಲಾಕಿಗೆ ಹೋದರು, ಯಾರು ಎಷ್ಟು ಕಿಲೋ ಕೊಯ್ದರು ಎಂಬುದೆಲ್ಲ ಅದರಲ್ಲಿ ನೀಲಿ ಶಾಯಿಯಲ್ಲಿ. ಅವರು ಪುಸ್ತಕದ ಕೊನೆಯ ಹಾಳೆಗೆ ಬಂದು ಗಡಿಯಾರ ನೋಡಿದರು.

“ಒಟ್ಟು ಎರಡು ಗಂಟೆ ಹದಿಮೂರು ನಿಮಿಷ ಆಯ್ತಮ್ಮ. ಬಿಡಿಸಿ ಬರೀಲಾ?”

ಈಜು, 24. ಸೈಕಲ್, 62. ಓಟ, 38. ಮೂರು ಸಾಲು ಬರೆದು ಕೆಳಗೆ ಗೆರೆ ಎಳೆದು ಕೂಡಿದರು. ಲೆಕ್ಕ ಹೊಂದಲಿಲ್ಲ. ಮತ್ತೆ ಕೂಡಿದರು, ಕನ್ನಡಕ ಏರಿಸಿ ನನ್ನ ಮುಖ ನೋಡಿದರು. ನಾನು ಪೆನ್ನು ಇಸಿದುಕೊಂಡು ಒಂದನೇ ಸಾಲಿನ ಕೆಳಗೆ ಸಣ್ಣದಾಗಿ 6 ಎಂದೂ, ಎರಡನೇ ಸಾಲಿನ ಕೆಳಗೆ 3 ಎಂದೂ ಬರೆದೆ. ಬೆರಳು ಇನ್ನೂ ಪೂರ್ತಿ ಸಡಿಲಾಗಿರಲಿಲ್ಲ, ಅಂಕಿಗಳು ಸೊಟ್ಟಗೆ ಬಂದವು.